ಹಾಲು ಹಾಕುವವರು, ಉಪ್ಪು ಹಾಕುವವರು, ಒಗ್ಗರಣೆ ಹಾಕುವವರು

ಯಾವ ದೇಶದವರು ಬೆಳಗ್ಗೆ ಎದ್ದು ಏನು ತಿನ್ನುತ್ತಾರೆ ಎಂಬುದೆಲ್ಲ ನಮ್ಮ ಸೋದರಮಾವನಿಗೆ ಬಾಯಿಪಾಠ. ಆದರೆ ತಮ್ಮ ಎದುರಿಗೇ ಕೂತವಳಿಗೆ ಏನು ಬೇಕು ಎಂಬುದು ಗೊತ್ತಾಗಲು ಮಾತ್ರ ಅವರಿಗೆ ಮೂರು ತಿಂಗಳು ಹಿಡಿಯಿತು!

ಮಾಮಾ ಭಾಲ್ಕಿಯ ಸಾಲೆಯೊಂದರಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಈಗ ಬೀದರಿನಲ್ಲಿ ಮನೆ. ಪಾಸ್‌ಪೋರ್ಟ್ ಎಂಬುದನ್ನು ಕಂಡವರಲ್ಲ. ಹೈದರಾಬಾದಿಗೆ ಹೋದರೂ ಸಂಜೆ ಬಸ್ಸಿಗೆ ವಾಪಸ್ಸು. ಆದರೇನಂತೆ? ಭೂಪಟದ ಮುಂದೆ ನಿಂತರೆ ಸಾಕು, ಸ್ವಿಟ್ಜರ್‌ಲೆಂಡಿನವರ ಅಡುಗೆಮನೆಯಲ್ಲಿ ಈಗಷ್ಟೇ ಚಹಾ ಕುಡಿದು ಬಂದವರಂತೆ ಮಾತಾಡುತ್ತಾರೆ.

“ಜಗತ್ತಿನ್ಯಾಗ ನಾಷ್ಟಾ ಮಾಡೋರು ಮೂರೇ ನಮೂನಿ ನೋಡು,” ಎಂದು ನನಗೆ ಪಾಠ ಹೇಳುತ್ತಿದ್ದರು. “ಹಾಲು ಹಾಕ್ಕೊಂಡು ತಿನ್ನೋರು ಅಮೇರಿಕಾದವ್ರು. ಉಪ್ಪು ಹಾಕ್ಕೊಂಡು ತಿನ್ನೋರು ಸ್ಕಾಟ್‌ಲೆಂಡಿನವ್ರು. ಒಗ್ಗರಣಿ ಹಾಕ್ಕೊಂಡು ತಿನ್ನೋರು ನಾವು.”

“ಮತ್ತ ಸ್ವಿಟ್ಜರ್‌ಲೆಂಡಿನವ್ರು ಓಟ್ಸಿನ್ಯಾಗ ಸೇಬು ಹೆರೆದು ಹಾಕ್ತಾರ ಅಂದಿದ್ರಲ್ರೀ ಮಾಮಾ, ಅವರು ಯಾವ ನಮೂನಿ?”

“ಅವರು ಪರೀಕ್ಷಾದಾಗ ಬರಂಗಿಲ್ಲ, ಬಿಡು!”

ಹೀಗಿರುವಾಗ ಅವರ ಮನೆಯ ಮಹಡಿ ಕೋಣೆಗೆ ಕಾಲೇಜಿನಲ್ಲಿ ಓದುವ ಒಬ್ಬ ಹುಡುಗಿ ಬಾಡಿಗೆಗೆ ಬಂದಳು. ಊರು ಇಥಿಯೋಪಿಯಾದ ಗುಡ್ಡಗಾಡಿನ ಒಂದು ಸಣ್ಣ ಪೇಟೆ. ಹೆಸರು ಹಾನಾ. ಬೀದರಿನಲ್ಲಿ ಆ ಹೆಸರು ಇಟ್ಟುಕೊಂಡು ಬಾಳುವುದು ಸುಲಭವೇ? ಇಲ್ಲಿ ಎಲ್ಲರ ಬಾಯಲ್ಲೂ ಉರ್ದು. ‘ಹಾಂ’ ಎಂದರೆ ಹೌದು, ‘ನಾ’ ಎಂದರೆ ಇಲ್ಲ. ಅತ್ತೆ ಮೊದಲ ದಿನವೇ ಗೊಂದಲಕ್ಕೆ ಬಿದ್ದರು.

“ಹೆಸರು ಕೇಳಿದ್ರ ಹೌದು–ಇಲ್ಲ ಅಂತಾಳಲ್ರೀ! ಎರಡ್ರಾಗ ಯಾವುದಾದ್ರೂ ಒಂದು ಹೇಳು ಅನ್ರಿ!”

ಮಾಮಾನ ಆನಂದಕ್ಕೆ ಮಾತ್ರ ಪಾರವೇ ಇರಲಿಲ್ಲ. ಇಷ್ಟು ವರ್ಷ ತಾವು ಗೋಡೆಗೆ ತೂಗು ಹಾಕಿದ್ದ ಭೂಪಟದಿಂದ ಒಬ್ಬರು ಇಳಿದು ಮನೆಗೇ ಬಂದಿದ್ದರು! ಮರುದಿನವೇ ಪೇಟೆಗೆ ಹೋಗಿ ಕಾರ್ನ್ ಫ್ಲೇಕ್ಸಿನ ದೊಡ್ಡ ಡಬ್ಬ ತಂದರು. ಹೊರದೇಶದವಳು ಅಂದ ಮೇಲೆ ಮತ್ತೇನು ತಿಂದಾಳು? ಅಮೇರಿಕಾ ಬೇರೆ, ಆಫ್ರಿಕಾ ಬೇರೆ ಎಂದು ಮಕ್ಕಳ ಕಿವಿ ಹಿಂಡಿ ಕಲಿಸಿದ ಮೇಷ್ಟ್ರಿಗೆ ಆ ಕ್ಷಣ ಅದು ಹೇಗೆ ಮರೆತುಹೋಯಿತೋ ನನಗೆ ಇಂದಿಗೂ ತಿಳಿದಿಲ್ಲ.

ಮೊದಲ ದಿನ ಅತ್ತೆ ಕುದಿಯುವ ಹಾಲು ಸುರಿದರು. ಗರಿಗರಿ ಇದ್ದದ್ದು ಕಣ್ಣ ಮುಂದೆಯೇ ಗಂಜಿಯಾಯಿತು. “ಥಂಡಿ ಹಾಲು ಹಾಕಬೇಕು!” ಎಂದು ಮಾಮಾ ಕೂಗಿದರು. “ಪರದೇಸದಿಂದ ಬಂದ ಪೋರಿಗಿ ಥಂಡಿ ಹಾಲು ಕೊಟ್ಟು ನೆಗಡಿ ಮಾಡ್ಸಲೇನು?” ಎಂದು ಅತ್ತೆ. ಎರಡನೆಯ ದಿನ ಸಂಧಾನವಾಗಿ ಉಗುರುಬೆಚ್ಚಗಿನ ಹಾಲು. ಅದು ಗಂಜಿಯೂ ಆಗಲಿಲ್ಲ, ಗರಿಗರಿಯೂ ಉಳಿಯಲಿಲ್ಲ. ಹುಡುಗಿ ಎರಡು ದಿನವೂ ಬಟ್ಟಲು ಖಾಲಿ ಮಾಡಿ ತಲೆ ಬಾಗಿಸಿ ಕೈಮುಗಿದಳು.

ಮೂರನೆಯ ದಿನ ಅತ್ತೆಗೆ ತಡೆಯಲಾಗಲಿಲ್ಲ. ಸಾಸಿವೆ, ಅರಿಶಿನ, ಕರಿಬೇವು, ಹಸಿಮೆಣಸಿನಕಾಯಿ, ಶೇಂಗಾ ಹಾಕಿ ಅದನ್ನೇ ಘಮಘಮ ಚೂಡಾ ಮಾಡಿದರು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು! ಪೇಪರ್ ಓದುತ್ತ ಬಂದ ಮಾಮಾ, ಬಟ್ಟಲಲ್ಲಿ ಹಾಲಿಲ್ಲದ್ದನ್ನು ನೋಡಿ, ಹೆಂಡತಿ ಮರೆತಿದ್ದಾಳೆಂದು ಧಾರಾಳವಾಗಿ ಒಂದು ಲೋಟ ಹಾಲು ಸುರಿದುಬಿಟ್ಟರು. ಹಳದಿ ಹಾಲಿನಲ್ಲಿ ಮೆಣಸಿನಕಾಯಿ ತೇಲಿದವು. ಹುಡುಗಿ ಅದನ್ನೂ ತಿಂದಳು! ಕಣ್ಣಲ್ಲಿ ನೀರು ಬಂತು. “ನೋಡು, ಖುಷಿಯಿಂದ ಅಳ್ಲತ್ತಾಳ,” ಎಂದರು ಮಾಮಾ.

ನಾನು ಔರಾದಿನಿಂದ ಭಾನುವಾರ ಬೀದರಿಗೆ ಬಂದಾಗಲೆಲ್ಲ ಇದೇ ದೃಶ್ಯ. ಮೇಜಿನ ಈ ಕಡೆ ಮಾಮಾ, ಆ ಕಡೆ ಹಾನಾ. ಇಬ್ಬರೂ ಕಷಾಯ ಕುಡಿಯುವವರ ಮುಖ ಮಾಡಿಕೊಂಡು ಚಮಚ ಎತ್ತುತ್ತಿದ್ದರು. ಒಬ್ಬಳೇ ತಿನ್ನಲು ಅವಳಿಗೆ ಬೇಸರವಾದೀತೆಂದು ಮಾಮಾನೂ ಅದನ್ನೇ ತಿನ್ನುತ್ತಿದ್ದರು. ಅವಳು ಹೊರಗೆ ಹೊರಟು ಗೇಟು ದಾಟಿದಳೋ ಇಲ್ಲವೋ, ಅಡುಗೆಮನೆಗೆ ಓಡಿ ಜೋಳದ ರೊಟ್ಟಿ, ಪುಂಡಿಪಲ್ಯ ಮುಂದಿಟ್ಟುಕೊಂಡು ಕೂತುಬಿಡುತ್ತಿದ್ದರು.

“ನಿಮಗ ಸೇರಂಗಿಲ್ಲಂದ್ರ ಯಾಕ ತಿಂತೀರಿ ಮಾಮಾ?”

“ಮನೀಗಿ ಬಂದ ಪೋರಿ ಒಬ್ಬಾಕಿನೇ ಹ್ಯಾಂಗ ಉಣಬೇಕು? ನಿನಗ ತಿಳಿಯಂಗಿಲ್ಲ, ಸುಮ್ನಿರು.”

ಒಂದು ಭಾನುವಾರ ನಾನು ಬಸ್ಸಿಳಿದು ನೋಡುತ್ತೇನೆ, ಬಸ್ ಸ್ಟ್ಯಾಂಡಿನ ಬಂಡಿಯ ಮುಂದೆ ಹಾನಾ! ಕೈಯಲ್ಲಿ ಒಗ್ಗರಣೆ ಹಾಕಿದ ಚುರುಮುರಿ ಸುಸಲಾ, ಜೊತೆಗೆ ಮಿರ್ಚಿ ಭಜ್ಜಿ. ನನ್ನನ್ನು ಕಂಡು ಗಾಬರಿಯಾದಳು. ಮಾಮಾನಿಗೆ ಹೇಳಬೇಡಿ ಎಂದು ಇಂಗ್ಲಿಷಿನಲ್ಲಿ ಬೇಡಿಕೊಂಡಳು. ಆಮೇಲೆ ಬಹಳ ದಿನದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದನ್ನು ಹೊರಗೆ ಹಾಕುವವಳಂತೆ ಕೇಳಿದಳು: ನಿಮ್ಮ ಮಾಮಾನಿಗೆ ಆ ಡಬ್ಬದ ತಿಂಡಿ ಎಂದರೆ ಯಾಕಿಷ್ಟು ಪ್ರೀತಿ? ತಮ್ಮ ಊರಲ್ಲಿ ಅದನ್ನು ಯಾರೂ ತಿನ್ನುವುದಿಲ್ಲವಂತೆ. ಒಲ್ಲೆ ಎಂದರೆ ಹಿರಿಯರಿಗೆ ನೋವಾದೀತೆಂದು ಇಷ್ಟು ದಿನ ನುಂಗಿದಳಂತೆ. ಕೊನೆಗೆ ದನಿ ತಗ್ಗಿಸಿ, ಹಾಲಿಗೆ ಮೆಣಸಿನಕಾಯಿ ಹಾಕುವುದು ನಿಮ್ಮಲ್ಲಿ ಹಬ್ಬದ ದಿನ ಮಾತ್ರವೋ ಎಂದೂ ವಿಚಾರಿಸಿದಳು!

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇವಳಿಗಾಗಿ ಅವರು, ಅವರಿಗಾಗಿ ಇವಳು! ಹಾಗಾದರೆ ಆ ಡಬ್ಬ ಇದ್ದದ್ದು ಯಾರಿಗಾಗಿ?

ಮನೆಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿಬಿಟ್ಟೆ. ಹಾನಾ ತಲೆ ತಗ್ಗಿಸಿ ನಿಂತಳು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು. ಮಾಮಾ ಮಾತ್ರ ನಗಲಿಲ್ಲ. “ಇಷ್ಟು ದಿನ ಆ ಪೋರಿ ಉಪವಾಸ ಇದ್ದಂಗೇ ಆತಲ್ಲ,” ಎಂದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಅತ್ತೆಯೇ ಮುಂದಾದರು. “ನಿಮ್ಮವ್ವ ಮುಂಜಾನಿ ಏನು ಮಾಡ್ತಿದ್ಲು ತಂಗಿ? ಅದನ್ನ ಮಾಡು. ಒಲಿ ನಿಂದು, ಮನಿ ನಿಂದು.” ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವಷ್ಟರಲ್ಲಿ ಹಾನಾ ತೋಳೇರಿಸಿ ಆಗಿತ್ತು.

ಅವರಲ್ಲಿ ಬಾರ್ಲಿ ಹಿಟ್ಟಿನಲ್ಲಿ ಮಾಡುವುದಂತೆ. ಇಲ್ಲಿ ಸಿಕ್ಕಿದ್ದು ಜೋಳದ ಹಿಟ್ಟು. ಕುದಿಯುವ ನೀರಿಗೆ ಹಿಟ್ಟು ಸುರಿದು, ಕಟ್ಟಿಗೆಯಿಂದ ಗರಗರ ತಿರುವಿ, ತಾಟಿನಲ್ಲಿ ಗುಡ್ಡದಂತೆ ಇಟ್ಟಳು. ನಡುವೆ ಗುಂಡಿ ಮಾಡಿ, ಅದರ ತುಂಬ ಬೆಣ್ಣೆ ಕಾಸಿ ಸುರಿದು ಖಾರದಪುಡಿ ಹಾಕಿದಳು. ಗೆನ್ಫೊ ಎಂದಳು.

ಅತ್ತೆ ಮೂಗಿನ ಮೇಲೆ ಬೆರಳಿಟ್ಟರು. “ಅಯ್ಯ, ಇದು ನಮ್ಮ ಜೋಳದ ಮುದ್ದಿ ಅದಲ್ರೀ!”

ಮಾಮಾ ಅಂಚಿನಿಂದ ಒಂದು ತುತ್ತು ಮುರಿದು, ಬೆಣ್ಣೆಯಲ್ಲಿ ಅದ್ದಿ, ಕಣ್ಣು ಮುಚ್ಚಿ ನುಂಗಿದರು. “ಮೂರು ನಮೂನಿ ಅಂದಿದ್ದೆ, ತಪ್ಪಾತು. ಬರ್ಕೋ, ನಾಲ್ಕನೇದು ಗುಂಡಿ ತೋಡೋರು!”

ನಾಲ್ವರೂ ಒಂದೇ ತಾಟಿನ ಸುತ್ತ ಕೂತು ಉಂಡೆವು. ಹಾನಾ ಮೂರು ತಿಂಗಳ ಹಸಿವನ್ನೆಲ್ಲ ಒಂದೇ ಸಲಕ್ಕೆ ತೀರಿಸಿಕೊಂಡಳು.

ಅವಳು ಕೈ ತೊಳೆಯಲು ಹಿತ್ತಲಿಗೆ ಹೋದಾಗ ಮೇಜಿನ ಮೇಲಿದ್ದ ಅವಳ ಫೋನು ರಿಂಗಣಿಸಿತು. ತಡವರಿಸುತ್ತ ಮಾಮಾ ಅದನ್ನು ಒತ್ತಿದರು. ಪರದೆಯ ಮೇಲೆ ಬಿಳಿ ಶಾಲು ಹೊದ್ದ ಒಬ್ಬ ಹೆಂಗಸು ಕಾಣಿಸಿಕೊಂಡಳು. ಮಗಳದೇ ಕಣ್ಣು, ಮಗಳದೇ ಹಣೆ. ಅಪರಿಚಿತ ಮುಖ ನೋಡಿ ಗಾಬರಿಯಿಂದ ತನ್ನ ಭಾಷೆಯಲ್ಲಿ ಏನೋ ಕೇಳಿದಳು. ಮತ್ತೆ ಅದನ್ನೇ ಕೇಳಿದಳು.

“ತಡೀರಿ ಮಾಮಾ, ಹಾನಾ ಬರ್ಲಿ. ಅವರು ಏನು ಕೇಳ್ಲತ್ತಾರೋ ನಮಗ ಹ್ಯಾಂಗ ಗೊತ್ತಾಗಬೇಕು?” ಎಂದೆ.

ಮಾಮಾ ನನ್ನ ಕಡೆ ನೋಡಲೂ ಇಲ್ಲ. ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಿಂದ ಖಾಲಿ ತಾಟು ಎತ್ತಿ ಆ ತಾಯಿಗೆ ಕಾಣುವಂತೆ ಹಿಡಿದರು. ಅಚ್ಚ ಬೀದರಿನ ಕನ್ನಡದಲ್ಲಿ, ನಿಧಾನವಾಗಿ ಹೇಳಿದರು:

“ಉಂಡಾಳ್ರೀ ಅವ್ವಾ. ಹೊಟ್ಟಿ ತುಂಬ ಉಂಡಾಳ. ಚಿಂತಿ ಮಾಡಬ್ಯಾಡ್ರಿ.”

ಆ ಹೆಂಗಸು ತಾಟನ್ನೇ ನೋಡುತ್ತಿದ್ದಳು. ಆಮೇಲೆ ಶಾಲಿನ ಅಂಚಿನಿಂದ ಕಣ್ಣೊರೆಸಿಕೊಂಡು, ತಲೆ ಬಾಗಿಸಿ ಮಾಮಾನಿಗೆ ಕೈಮುಗಿದಳು.