ಎಲ್ಲಾ ಕಾಲದ ಟೈರು

ಪಾಲಣ್ಣನ ಸಂಕಟ ಶುರುವಾಗಿದ್ದು ಬೀಗರ ಒಂದು ನಗೆಮಾತಿನಿಂದ. ಬಸುರಿ ಮಗಳು ದುರ್ಗಾದೇವಿಯ ಕುಬುಸದ ದಿನ ಅವಳ ಗಂಡನ ಮನೆಯಲ್ಲಿ ಊಟ ಮುಗಿದ ಮೇಲೆ ಬೀಗ ಗಂಗಪ್ಪ ಎಲೆ ಅಡಿಕೆ ಮೆಲ್ಲುತ್ತಾ ಅಂಗಳಕ್ಕೆ ಬಂದ. ಎತ್ತು ಕೊಳ್ಳುವವನು ಹಲ್ಲು ನೋಡುವ ಹಾಗೆ ಪಾಲಣ್ಣನ ಕಾರಿನ ಸುತ್ತ ಒಂದು ಸುತ್ತು ಬಂದು, ಕುಕ್ಕರಗಾಲಲ್ಲಿ ಕೂತು ಟೈರಿನ ಮೇಲೆ ಬೆರಳಾಡಿಸಿದ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ:

"ಬೀಗರ, ನನ್ನ ತಲೀನೂ ಬೋಳು, ನಿಮ್ಮ ಟೈರೂ ಬೋಳು. ಹಂಗಂತ ನನ್ನ ತಲೀ ಮ್ಯಾಲೆ ಕುಂತು ಯಾರೂ ಕೂಡ್ಲಿಗಿಗೆ ಹೋಗಂಗಿಲ್ಲ. ಇವು ಬದಲಾಗೋ ತನಕ ಸೊಸಿನ ಕಳಸಂಗಿಲ್ಲ ನೋಡ್ರಿ."

ಅಂಗಳವೆಲ್ಲ ನಕ್ಕಿತು. ಪಾಲಣ್ಣನೂ ನಕ್ಕ. ಅವನು ತಪ್ಪಿದ್ದು ಅಲ್ಲೇ. ಬೀಗರ ಮಾತಿಗೆ ನಕ್ಕರೆ ಒಪ್ಪಿಕೊಂಡ ಹಾಗೆ ಎಂಬುದು ಅವನಿಗೆ ಹೊಳೆದದ್ದು ಕೂಡ್ಲಿಗಿಗೆ ಬರಿಗೈಲಿ ಬಂದು, ಹೆಂಡತಿ ಶಿವಮ್ಮನ ಮುಖ ನೋಡಿದ ಮೇಲೆ.

ಚೊಚ್ಚಲ ಹೆರಿಗೆ ತವರಿನಲ್ಲಿಯೇ ಆಗಬೇಕು. ಶಿವಮ್ಮ ಹಂಡೆ ತಿಕ್ಕಿಟ್ಟಿದ್ದಳು. ಬಾಣಂತಿಗೆಂದು ಅಂಟು, ಕೊಬ್ಬರಿ, ಉತ್ತತ್ತಿ ತಂದು ಡಬ್ಬಿ ತುಂಬಿದ್ದಳು. ಮಗಳನ್ನು ತೂಗಿದ್ದ ಹಳೆಯ ತೊಟ್ಟಿಲನ್ನು ಅಟ್ಟದಿಂದ ಇಳಿಸಿ ಎಣ್ಣೆ ಸವರಿದ್ದಳು. ಆದರೆ ಪಾಲಣ್ಣ ಇವತ್ತು ನಾಳೆ ಎನ್ನುತ್ತಾ ದಿನ ದೂಡಿದ. ಟೈರು ಕೊಳ್ಳಲಾರದವನೇನಲ್ಲ. ಯಾವುದು ಕೊಳ್ಳುವುದು ಎಂದು ಒಬ್ಬರನ್ನು ಕೇಳಿದರೆ ಒಂದು ಹೇಳುತ್ತಿದ್ದರು, ಇನ್ನೊಬ್ಬರನ್ನು ಕೇಳಿದರೆ ಇನ್ನೊಂದು. ಅವನಿಗೆ ಎರಡೂ ಸರಿ ಎನಿಸುತ್ತಿತ್ತು.

ಕೊನೆಗೊಂದು ಬೆಳಿಗ್ಗೆ ಶಿವಮ್ಮ ಚಹಾದ ಲೋಟವನ್ನು ಕುಕ್ಕಿದಳು. "ನಾಳೆ ಅಮಾಸಿ. ಅಮಾಸಿ ಕಳದ್ರ ದುರ್ಗಿಗೆ ಎಂಟು ತಿಂಗಳು ಬೀಳತೈತಿ. ಎಂಟರಾಗ ಬಸರಿ ಹೆಂಗಸು ಹೊಸ್ತಿಲು ದಾಟಂಗಿಲ್ಲ. ಇವತ್ತು ಹೊತ್ತು ಮುಳುಗೋದ್ರಾಗ ನನ್ನ ಮಗಳು ಈ ಮನ್ಯಾಗ ಇರಬೇಕು. ಇಲ್ಲಾಂದ್ರ ಆ ತೊಟ್ಟಲದಾಗ ನೀವ ಮಕ್ಕೊಳ್ರಿ."

ಪಾಲಣ್ಣ ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಗುರುಬಸವರಾಜನ ಟೈರಿನಂಗಡಿ ಹೈವೇ ಪಕ್ಕದಲ್ಲಿತ್ತು. ಪಾಲಣ್ಣ ಕಾರು ನಿಲ್ಲಿಸುವುದಕ್ಕೂ, ಪಕ್ಕದ ಮನೆಯ ಮಂಜಣ್ಣ ಎದುರಿನ ಹೋಟೆಲಿನಿಂದ ಬಾಯಿ ಒರೆಸಿಕೊಂಡು ಬರುವುದಕ್ಕೂ ಸರಿಹೋಯಿತು. ಮಂಜಣ್ಣ ಬಸ್ ಓಡಿಸಿ ನಿವೃತ್ತನಾದವನು. ಸ್ಟೇರಿಂಗು ಕೈಬಿಟ್ಟು ಹೋದ ಮೇಲೆ ಊರವರ ಗಾಡಿಗಳನ್ನೆಲ್ಲ ಬಾಯಿಂದಲೇ ಓಡಿಸುತ್ತಿದ್ದ.

ಗುರುಬಸವರಾಜ ಮೂರು ಟೈರುಗಳನ್ನು ಉರುಳಿಸಿ ತಂದು ಸಾಲಾಗಿ ನಿಲ್ಲಿಸಿದ. "ಇದು ಹೈವೇಕ್ಕ ಅಣ್ಣಾರ. ಸದ್ದಿಲ್ಲದಂಗ ಹೋಗತೈತಿ. ಇದು ಕೆಸರಿಗೆ, ಹಲ್ಲು ನೋಡ್ರಿ ಹೆಂಗದಾವ. ಇದು ಆಲ್ ಸೀಸನ್. ಮಳಿ, ಚಳಿ, ಬಿಸಲು, ಎಲ್ಲಾಕೂ ಒಂದ."

"ಕೂಡ್ಲಿಗ್ಯಾಗ ಎಲ್ಲಾ ಕಾಲ ಎಲ್ಲಿ ಬಂದಾವಲೇ?" ಎಂದ ಮಂಜಣ್ಣ. "ನಮಗಿರೋದು ಎರಡ. ಒಂದು ಬ್ಯಾಸಿಗಿ, ಇನ್ನೊಂದು ಕಡುಬ್ಯಾಸಿಗಿ. ಉಳಿದವು ಪಂಚಾಂಗದಾಗ ಬರತಾವ, ಊರಾಗ ಬರಂಗಿಲ್ಲ. ಪಾಲಣ್ಣ, ಹೈವೇದು ಹಾಕಿಸು."

"ಆದ್ರ ಬೀಗರ ಊರು ಹಡಗಲಿ ಕಡೆ ಎರಿ ಸೀಮಿ, ಮಳಿ ಬಂದ್ರ ಕರಿ ಕೆಸರು ಅಣ್ಣ," ಎಂದ ಪಾಲಣ್ಣ ಮೆಲ್ಲಗೆ.

"ಮೊದಲ ಹೇಳಬಾರದ? ಹಂಗಾರ ಕೆಸರಿಂದು ಹಾಕಿಸು."

"ಕೆಸರಿಂದು ಡಾಂಬರಿನ ಮ್ಯಾಲೆ ಗುಂಯ್ ಅಂತ ಒದರತೈತಿ. ಬಸರಿ ಹೆಣ್ಣುಮಗಳು ಕುಂದರತಾಳ್ರಿ," ಎಂದ ಗುರುಬಸವರಾಜ.

"ಹಂಗಾರ ಹೈವೇದು."

ಹೀಗೆ ಮಂಜಣ್ಣ ಹೈವೇಗೂ ಕೆಸರಿಗೂ ಹಲವು ಟ್ರಿಪ್ಪು ಹೊಡೆದ. ಪಾಲಣ್ಣ ಎರಡೂ ಕಡೆಗೆ ತಲೆಯಾಡಿಸುತ್ತಾ ನಡುವಿನ ಟೈರನ್ನು ನೋಡುತ್ತಿದ್ದ. ಅದರ ಗೀರುಗಳು ತೀರ ಆಳವಲ್ಲ, ತೀರ ತೆಳುವೂ ಅಲ್ಲ. ಯಾರಿಗೂ ಇಲ್ಲವೆನ್ನದ ಮುಖ ಅದರದು. ಅವನಿಗೆ ಕನ್ನಡಿ ನೋಡಿದಂತಾಯಿತು. ಅವ್ವನಿಗೂ ಹೂಂ, ಹೆಂಡತಿಗೂ ಹೂಂ, ಬೀಗರಿಗೂ ಹೂಂ ಎನ್ನುತ್ತಲೇ ಅವನು ಇಷ್ಟು ವಯಸ್ಸು ಕಳೆದಿದ್ದ.

"ಎಲ್ಲಾ ಕಾಲದ್ದ ಹಾಕ್ರಿ," ಎಂದ.

ಮಂಜಣ್ಣ ಆ ಟೈರನ್ನು ಕಾಲಿಂದ ತಟ್ಟಿ, "ಎಲ್ಲಾ ಕಾಲಕ್ಕೂ ಆಗಾವ, ಹೊತ್ತು ಬಂದಾಗ ಒಂದಕ್ಕೂ ಆಗಂಗಿಲ್ಲ ತಮ್ಮ," ಎಂದ. ಅವನ ಬಾಯಿಂದ ಆ ದಿನ ಬಂದ ತೂಕದ ಮಾತು ಅದೊಂದೇ. ಅದನ್ನೇ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹಳೆಯ ಟೈರುಗಳು ಒಂದೊಂದಾಗಿ ಕಳಚಿ ಬಿದ್ದವು. ಅಂಗಡಿಯ ಮೂಲೆಯಲ್ಲಿ ಆಗಿನಿಂದ ಕೂತಿದ್ದ ಒಬ್ಬ ಹರೆಯದ ರೈತ ಎದ್ದು ಬಂದು ಅವನ್ನು ಕಾಲಿಂದ ಒತ್ತಿ ನೋಡಿದ. ಹೆಸರು ಹುಲುಗೇಶ. ಟೈರು ಬಂಡಿಗೆ ಹಳೆಯ ಟೈರು ಹುಡುಕಿಕೊಂಡು ಬೆಳಗಿನ ಬಸ್ಸಿಗೇ ಬಂದಿದ್ದ.

"ಅಣ್ಣ, ಇವನ್ನ ಬಿಸಾಡ್ತೀರೇನ್ರಿ? ನನ್ನ ಬಂಡಿಗೆ ಎರಡು ಕೊಡ್ರಿ. ಅಳತಿ ಸರಿಯಾಗಿ ಬರತೈತಿ."

"ಪೂರಾ ನುಣ್ಣಗಾಗ್ಯಾವಲ್ಲೋ."

"ಎಳಿಯೋವು ಎತ್ತು ಅಣ್ಣ. ಬಂಡಿಗೆ ಗೀರು ಯಾತಕ್ಕ? ಗೀರು ಇದ್ದಷ್ಟೂ ಮಣ್ಣು ಹಿಡಕಂತೈತಿ."

ಪಾಲಣ್ಣ ಇದಕ್ಕೂ ಹೂಂ ಎಂದ. ಹುಲುಗೇಶ ಆರಿಸಿಕೊಂಡ ಎರಡರಲ್ಲಿ ಒಂದರ ಪಕ್ಕೆಗೆ ಹಸಿರು ಬಣ್ಣದ ಕಲೆಯಿತ್ತು. ದುರ್ಗಿಯ ಮದುವೆಯ ಮುಂಚೆ ಗೇಟಿಗೆ ಬಣ್ಣ ಬಳಿಯುವಾಗ ಡಬ್ಬಿ ಉರುಳಿ ಆದದ್ದು. ಥೇಟ್ ಗಿಳಿಯ ಆಕಾರ, ಕೊಕ್ಕು ಸಮೇತ. "ಅಪ್ಪನ ಗಾಡಿಗೆ ಗಿಳಿ ಕುಂತೈತಿ" ಎಂದು ದುರ್ಗಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಪಾಲಣ್ಣನಿಗೆ ಅದನ್ನು ಬಿಡುವಾಗ ಮನಸ್ಸು ಸ್ವಲ್ಪ ಜಗ್ಗಿತು. ಯಾವೂರಪ್ಪ ನಿಂದು ಎಂದು ಕೇಳಬೇಕೆನ್ನುವಷ್ಟರಲ್ಲಿ ಮಂಜಣ್ಣ ತೋಳು ಹಿಡಿದೆಳೆದ. ಹುಲುಗೇಶ ಎರಡು ಟೈರನ್ನೂ ಹೆಗಲಿಗೆ ಮಾಲೆಯಂತೆ ಏರಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆಗೆ ನಡೆದ.

ಅಷ್ಟಕ್ಕೇ ಪಾಲಣ್ಣ ಹೊರಟಿದ್ದರೆ ಬಿಸಿಲಿರುವಾಗಲೇ ಬೀಗರ ಮನೆ ಮುಟ್ಟುತ್ತಿದ್ದ. ಆದರೆ ಮಂಜಣ್ಣ ಬಿಡಬೇಕಲ್ಲ.

"ಹೊಸ ಟೈರು ನಿಂಬಿಹಣ್ಣು ತುಳಿಲಾರದ ಊರು ಬಿಡಬಾರದು. ಅದರಾಗ ಬಸರಿನ ಕರಿಯಾಕ ಹೊಂಟೀದಿ."

ಗುಡಿಗೆ ಹೋದರೆ ಪೂಜಾರಿ ಹೊಲಕ್ಕೆ ಹೋಗಿದ್ದ. ಅವನು ಬರುವ ತನಕ ಕಾದದ್ದಾಯಿತು. ಬಂದಮೇಲೆ ನಾಲ್ಕು ಚಕ್ರಕ್ಕೆ ನಾಲ್ಕು ಹಣ್ಣಿಟ್ಟು, ಕರ್ಪೂರ ಬೆಳಗಿ, ಕಾಯಿ ಒಡೆದ. ಕಾರು ಮುಂದಕ್ಕೆ ಹೋಯಿತು. ಮೂರು ಹಣ್ಣು ಪಚಕ್ಕೆಂದವು. ನಾಲ್ಕನೆಯದು ಜಾರಿ ಉರುಳಿ, ಒಂದು ಗೀಟೂ ಇಲ್ಲದೆ ಚರಂಡಿಯ ಅಂಚಿನಲ್ಲಿ ನಿಂತಿತು.

"ಅಪಶಕುನ," ಎಂದ ಮಂಜಣ್ಣ. "ಹಿಂದಕ್ಕ ತಗಿ, ಮತ್ತೊಮ್ಮಿ ತುಳಿಸು. ನಾನೂ ಬರ್ತೀನಿ ಕೊಟ್ಟೂರು ತನಕ. ಸ್ವಾಮಿಗೆ ಕೈ ಮುಗುದು ಹೋಗು. ನನಗೂ ಅಲ್ಲಿ ತಂಗಿ ಮನ್ಯಾಗ ಕೆಲಸೈತಿ."

ಪಾಲಣ್ಣ ಹೂಂ ಎಂದ.

ಕೊಟ್ಟೂರಲ್ಲಿ ಕೈ ಮುಗಿದದ್ದಾಯಿತು. ಮಂಜಣ್ಣನ ತಂಗಿ ಅವರನ್ನು ಊಟ ಮಾಡಿಸದೆ ಬಿಡಲಿಲ್ಲ. ರೊಟ್ಟಿ ಮುರಿಯುತ್ತಾ ಪಾಲಣ್ಣ ಬಾಗಿಲಾಚೆ ನೋಡಿದ. ಪಡುವಣದಲ್ಲಿ ಮೋಡ ಎಮ್ಮೆಯ ಹಿಂಡಿನ ಹಾಗೆ ಒತ್ತರಿಸಿ ನಿಂತಿತ್ತು. "ಅದು ಬರೇ ತೋರಿಕಿ," ಎಂದ ಮಂಜಣ್ಣ ಇನ್ನೊಂದು ರೊಟ್ಟಿಗೆ ಕೈಯೊಡ್ಡುತ್ತಾ. "ನಮ್ಮ ಕಡೆ ಮೋಡ ಬರತೈತಿ, ಮಾತಾಡಿಸಿ ಹೋಗತೈತಿ."

ಆ ದಿನ ಮೋಡ ಮಾತಾಡಿಸಿ ಹೋಗಲಿಲ್ಲ, ಕೂತೇ ಬಿಟ್ಟಿತು. ಪಾಲಣ್ಣ ಒಬ್ಬನೇ ಮುಂದಕ್ಕೆ ಹೊರಟಾಗ ದಾರಿಯುದ್ದಕ್ಕೂ ಮಳೆ. ಹೊಸ ಟೈರು ನೀರನ್ನು ಸೀಳಿಕೊಂಡು, ಒಂದು ಸಲವೂ ಜಾರದೆ ಓಡಿತು. ಪಾಲಣ್ಣನ ಎದೆ ಉಬ್ಬಿತು. ಜೀವನದಲ್ಲಿ ಒಮ್ಮೆಯಾದರೂ ತಾನೇ ಆರಿಸಿದ್ದು ಸರಿಹೋಯಿತಲ್ಲ ಎಂದು ಸ್ಟೇರಿಂಗನ್ನು ಎತ್ತಿನ ಬೆನ್ನಿನ ಹಾಗೆ ತಟ್ಟಿದ.

ಡಾಂಬರು ಬಿಟ್ಟು ಬೀಗರ ಊರಿನ ಎರೆ ದಾರಿಗೆ ಇಳಿದಾಗ ಮಳೆ ನಿಂತಿತ್ತು. ನೂರು ಮಾರು ಹೋಗುವಷ್ಟರಲ್ಲಿ ಕಪ್ಪು ಮಣ್ಣು ಟೈರಿನ ಗೀರುಗಳಲ್ಲಿ ಸೇರಿಕೊಂಡು, ಮಣ್ಣಿಗೆ ಮಣ್ಣು ಅಂಟಿ, ಚಕ್ರಗಳು ಹೋಳಿಗೆಯ ಹೂರಣದುಂಡೆಯಾದವು. ಕಾರು ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಕೊನೆಗೆ ಹೊಟ್ಟೆ ಊರಿ ಕೂತುಬಿಟ್ಟಿತು. ಪಾಲಣ್ಣ ಒತ್ತಿದಷ್ಟೂ ಅದು ಇಳಿಯಿತು.

ಇಳಿದು ನಡೆದ. ಹೆಜ್ಜೆಗೊಂದು ಸೇರು ಮಣ್ಣು ಚಪ್ಪಲಿಗೆ ಹತ್ತುತ್ತಿತ್ತು. ಬೀಗರ ಅಂಗಳ ಮುಟ್ಟುವಾಗ ಅವನು ಒಂದು ಗೇಣು ಎತ್ತರವಾಗಿದ್ದ.

ದುರ್ಗಿ ಹಸಿರು ಸೀರೆಯುಟ್ಟು, ಹೂ ಮುಡಿದು, ಚೀಲ ಪಕ್ಕಕ್ಕಿಟ್ಟುಕೊಂಡು ಜಗುಲಿಯ ಮೇಲೆ ಕೂತಿದ್ದಳು. ಬೆಳಗಿನಿಂದ ಹಾಗೇ ಕೂತಿದ್ದಳೆಂದು ಹೂ ನೋಡಿದರೇ ತಿಳಿಯುತ್ತಿತ್ತು. ಅಪ್ಪನ ಕಾಲು ನೋಡಿ ಅವಳ ಮುಖ ಇಳಿಯಿತು.

"ಬೀಗರ, ಟೈರು?" ಎಂದ ಗಂಗಪ್ಪ.

"ನಾಲ್ಕೂ ಹೊಸವು ಹಾಕಿಸೀನ್ರಿ. ಎಲ್ಲಾ ಕಾಲಕ್ಕೂ ಬರೋವು."

"ಎಲ್ಲ್ಯದಾವ?"

"ದಾರ್ಯಾಗ... ಹುಗದಾವ."

ಗಂಗಪ್ಪ ನಗಲಿಲ್ಲ. ಅದೇ ಹೆಚ್ಚು ನೋಯಿಸಿತು. "ನಡೀರಿ, ಮೊದಲು ಎಳಿಸೋಣ. ನಮ್ಮ ಊರಾಗ ಒಬ್ಬ ಹುಡುಗ ಅದಾನ, ಇವತ್ತ ಬಂಡಿ ರೆಡಿ ಮಾಡ್ಯಾನ," ಎಂದು ಓಣಿಯ ಕಡೆ ಕೂಗು ಹಾಕಿದ. ದುರ್ಗಿ ತಾನೂ ಬರುತ್ತೇನೆಂದು ಹಟ ಹಿಡಿದಳು. ಕಾರು ಮೇಲೆ ಬಂದರೆ ಅಲ್ಲಿಂದಲೇ ಹೊರಡಬಹುದಲ್ಲ.

ಬಂಡಿ ಬಂತು. ಎತ್ತುಗಳು ತಲೆದೂಗುತ್ತಾ, ಚಕ್ರಗಳು ಕೆಸರಿನ ಮೇಲೆ ಬೆಣ್ಣೆಯ ಮೇಲೆ ಕತ್ತಿಯಾಡಿದಂತೆ ಉರುಳುತ್ತಾ ಬಂದವು. ಒಂದು ಹಿಡಿ ಮಣ್ಣೂ ಅಂಟಿರಲಿಲ್ಲ. ಪಾಲಣ್ಣ ಮೊದಲು ಕಂಡದ್ದು ಬಂಡಿ ಹೊಡೆಯುವವನನ್ನಲ್ಲ. ಬಲಗಡೆಯ ಚಕ್ರದ ಮೇಲೆ ಒಂದು ಹಸಿರು ಗಿಳಿ ಮೇಲೆ ಕೆಳಗೆ, ಮೇಲೆ ಕೆಳಗೆ ತಿರುಗುತ್ತಾ ಬರುತ್ತಿತ್ತು.

"ಅಣ್ಣ, ನೀವಾ...?" ಎಂದು ಹುಲುಗೇಶ ಬಾಯಿ ತೆರೆದ. ಪಾಲಣ್ಣ ಬೀಗರ ಬೆನ್ನ ಹಿಂದಿನಿಂದ ಎರಡೂ ಕೈ ಮುಗಿದ. ಹುಲುಗೇಶ ತೆರೆದ ಬಾಯಿಯಿಂದ ಎತ್ತುಗಳಿಗೆ "ಹೋ" ಎಂದ.

ದುರ್ಗಿಯನ್ನು ಬಂಡಿಯಲ್ಲಿ ಮೆತ್ತಗೆ ಕೂರಿಸಿ, ಎಲ್ಲರೂ ಕಾರಿನ ತನಕ ಬಂದರು. ಅವಳನ್ನು ಇಳಿಸಿ, ಹಗ್ಗ ಬಿಗಿದರು. ಎತ್ತುಗಳು ಮೊಣಕಾಲೂರಿ ಎಳೆದವು. ಕಾರು ಹಲ್ಲು ಕಿತ್ತ ಹಾಗೆ ಪಚಕ್ಕೆಂದು ಎದ್ದು, ಡಾಂಬರಿನ ತನಕ ಬಂಡಿಯ ಹಿಂದೆ ತೂಗಾಡುತ್ತಾ ಬಂತು.

ಗಂಗಪ್ಪ ಮೊದಲು ಕಾರಿನ ಟೈರು ನೋಡಿದ, ಆಮೇಲೆ ಬಂಡಿಯದು. ಕುಕ್ಕರಗಾಲಲ್ಲಿ ಕೂತು ಗಿಳಿಯ ಮೇಲೆಯೇ ಬೆರಳಾಡಿಸಿದ.

"ನೋಡ್ರಿ ಬೀಗರ, ಟೈರು ಅಂದ್ರ ಹಿಂಗಿರಬೇಕು. ನಿಮ್ಮವು ನಮ್ಮೂರ ದಾರಿನ ದಾಟಲಿಲ್ಲ. ಕತ್ತಲಾಗಾಕ ಬಂತು, ಮತ್ತ ಮಳಿ ಹಿಡದ್ರ ನಡುದಾರ್ಯಾಗ ಬಸರಿ ಹೆಣ್ಣುಮಗಳನ್ನ ಕಟಗಂಡು ಏನು ಮಾಡ್ತೀರಿ? ಎಂಟು ಕಳೀಲಿ. ಒಂಬತ್ತು ಬಿದ್ದ ದಿನ ಬರ್ರಿ. ಇಂಥಾವು ಹಾಕಿಸಿಕೊಂಡು ಬರ್ರಿ. ಹೂಂ ಅಂತ ಕಳಿಸ್ತೀನಿ."

ಪಾಲಣ್ಣನ ನಾಲಿಗೆ ತುದಿಗೆ ನಿಜ ಬಂತು. ಹೇಳಿದರೆ ಬೀಗರ ಮುಖ ಕೆಡುತ್ತದೆ. ಆ ಮುಖದ ಮುಂದೆ ಮಗಳು ಇನ್ನೂ ಒಂದು ತಿಂಗಳು ಅನ್ನ ಬಡಿಸಬೇಕು. ಅವನು ದುರ್ಗಿಯ ಕಡೆ ನೋಡಿದ. ಅವಳು ಗಿಳಿಯನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರಿತ್ತು, ಸೆರಗಿನ ಹಿಂದೆ ಬಾಯಿ ನಗುತ್ತಿತ್ತು. ಅಪ್ಪ ಏನನ್ನುತ್ತಾನೆಂದು ಅವಳಿಗೆ ಆಗಲೇ ಗೊತ್ತಿತ್ತು.

"ಹೂಂ ರಿ," ಎಂದ ಪಾಲಣ್ಣ.

ಬೀಗರು ಮುಂದಕ್ಕೆ ನಡೆದಾಗ ಅವನು ಹುಲುಗೇಶನ ಹತ್ತಿರ ಸರಿದು ಪಿಸುಗುಟ್ಟಿದ: "ತಮ್ಮ, ಆ ಟೈರು ತಿರುಗಿ ಕೊಡ್ತೀ ಏನು?"

"ಹೆಂಗ ಕೊಡಲಿ ಅಣ್ಣ? ಗಂಗಪ್ಪ ಗೌಡ್ರ ಕೈಯಾಗ ಹೊಗಳಿಸಿಕೊಂಡ ಟೈರು ಅವು," ಎಂದು ಹುಲುಗೇಶ ದುರ್ಗಿಯನ್ನು ಹತ್ತಿಸಿಕೊಂಡು ಬಂಡಿ ತಿರುಗಿಸಿದ.

ಪಾಲಣ್ಣ ಕೂಡ್ಲಿಗಿಯ ಕಡೆ ಹೊರಟ. ಪಕ್ಕದ ಸೀಟಿನಲ್ಲಿ ಶಿವಮ್ಮ ಮಗಳಿಗೆಂದು ಕಳಿಸಿದ್ದ ದಿಂಬು ಒಂದೇ ಕೂತಿತ್ತು. ಕೊಟ್ಟೂರು ಹತ್ತಿರ ಬರುವಾಗ ಫೋನು ಬಡಿದುಕೊಂಡಿತು.

"ಹೊಂಟ್ರೇನ್ರಿ?" ಶಿವಮ್ಮನ ದನಿ. ಹಿಂದೆ ಹಂಡೆಗೆ ನೀರು ತುಂಬುವ ಸದ್ದು.

"ಹೊಂಟೀನಿ."

"ಟೈರು ಹೆಂಗದಾವ?"

ಪಾಲಣ್ಣ ಒಂದು ಗಳಿಗೆ ಕಿವಿಗೊಟ್ಟು ಕೇಳಿದ. ಒದ್ದೆ ಡಾಂಬರಿನ ಮೇಲೆ ನಾಲ್ಕೂ ಚಕ್ರ ಸದ್ದಿಲ್ಲದೆ ಉರುಳುತ್ತಿದ್ದವು.

"ಭಾಳ ಚಲೋ ಅದಾವ," ಎಂದ. "ಹೋಗಿ ಬಂದದ್ದ ಗೊತ್ತಾಗಂಗಿಲ್ಲ."