ಬನಿಯನ್‌ಗೆ ಬಂದ ಯೋಗ

ಹೊಸ ಬನಿಯನ್ ಎಂದರೆ ನನಗೆ ಆಗಿಬರುವುದಿಲ್ಲ. ಅದು ಮೈಗೆ ಒಗ್ಗುವುದಕ್ಕೆ ಎರಡು ವರ್ಷ ಬೇಕು, ಕಂಕುಳ ಹತ್ತಿರ ತೂತು ಬಿದ್ದು ಗಾಳಿಯಾಡುವುದಕ್ಕೆ ಇನ್ನೆರಡು. ಹೀಗೆ ಪಕ್ವಕ್ಕೆ ಬಂದ ಬನಿಯನ್ ಒಂದು ನನ್ನ ಹತ್ತಿರ ಇತ್ತು. ಅದರ ತೂತಿಗೆ ನನ್ನ ಹೆಂಡತಿ ನಳಿನಿ ಒಮ್ಮೆ ಬೈದುಕೊಂಡೇ ಸೊಟ್ಟಗೆ ಹೊಲಿಗೆ ಹಾಕಿದ್ದಳು. ಹೋದ ವರ್ಷ ಅದು ಕಾಣೆಯಾಯಿತು. ಮಸಿಬಟ್ಟೆ ಮಾಡಿಕೊಂಡದ್ದನ್ನು ನಳಿನಿ ಒಪ್ಪಿಕೊಂಡಳು. "ಆದ್ರೆ ಒಗೆದು ಟೆರೇಸ್ ಮೇಲೆ ಒಣಹಾಕಿದ್ದೆ ರೀ, ಯಾರೋ ತಗೊಂಡೋಗಿದಾರೆ" ಎಂದಳು. ಇಡೀ ಚಂದ್ರಾ ಲೇಔಟಿನಲ್ಲಿ ಮಸಿಬಟ್ಟೆ ಕದಿಯುವ ಕಳ್ಳ ಯಾರಿದ್ದಾನೆ? "ಎಸೆದೆ ಅಂತ ಹೇಳೋಕೆ ಧೈರ್ಯ ಇಲ್ಲ ನಿಂಗೆ" ಎಂದುಬಿಟ್ಟೆ. ಮೂವತ್ತು ವರ್ಷದ ಸಂಸಾರದಲ್ಲಿ ಅವಳನ್ನು ಸುಳ್ಳಿ ಮಾಡಿದ್ದು ಅದೇ ಮೊದಲು. ಅವಳು ಹೊಸ ಬನಿಯನ್ ತಂದು ಮಂಚದ ಮೇಲಿಟ್ಟು ಮಾತು ಕಡಿಮೆ ಮಾಡಿದಳು. ನನಗೂ ಒಳಗೊಳಗೇ ಕಷ್ಟವಾಯಿತು, ಆದರೆ ಹಟ ಬಿಡಲಿಲ್ಲ.

ನಮ್ಮ ಮಹಡಿಯಲ್ಲಿ ಸಿಂಚನಾ ಎಂಬ ಹುಡುಗಿ ಬಾಡಿಗೆಗಿದ್ದಾಳೆ. ಶಿಲ್ಪಿಯಂತೆ. ಉಳಿ ಸುತ್ತಿಗೆಯ ಸದ್ದೇ ಕೇಳದಿದ್ದರಿಂದ ನಾನು ಪೂರ್ತಿ ನಂಬಿರಲಿಲ್ಲ. ತನ್ನ ಪ್ರದರ್ಶನಕ್ಕೆ ಕರೆದಳೆಂದು ನಾನೂ ನಳಿನಿಯೂ ಹೊಸಹಳ್ಳಿಯಲ್ಲಿ ಮೆಟ್ರೋ ಹತ್ತಿ ಹೋದೆವು, ಅಕ್ಕಪಕ್ಕ ಕೂತು, ಮಾತಿಲ್ಲದೆ. ಅಲ್ಲಿ ಕಪ್ಪು ಕಲ್ಲಿನ ಪೀಠದ ಮೇಲೆ ಚಿನ್ನದ ಹಾಗೆ ಹೊಳೆಯುವ ಆಕಾರವೊಂದು ಮಡಿಕೆ ಮಡಿಕೆಯಾಗಿ ಕೂತಿತ್ತು. ಕೈ ಹಿಂದೆ ಕಟ್ಟಿಕೊಂಡು "ಇದು ಸಮುದ್ರದ ಅಲೆ" ಎಂದೆ. ಪಕ್ಕದಲ್ಲಿದ್ದ ರೇಷ್ಮೆ ಜುಬ್ಬಾದವರೊಬ್ಬರು "ಹೌದೌದು, ಎಂಥಾ ಆಳ!" ಎಂದರು.

ನಳಿನಿ ಬಗ್ಗಿ ನೋಡಿದಳು. "ಅಲೆನೂ ಇಲ್ಲ ಏನೂ ಇಲ್ಲ. ಇದು ನಾನು ಹಾಕಿದ ಹೊಲಿಗೆ ಕಣ್ರೀ."

ನಿಜ. ಕಂಕುಳ ತೂತು, ಅದರ ಸುತ್ತ ಸೊಟ್ಟ ಹೊಲಿಗೆ, ಎಲ್ಲ ಹಾಗೇ ಇತ್ತು. ಸಿಂಚನಾ ನಾಲಿಗೆ ಕಚ್ಚಿಕೊಂಡಳು. "ಸಾರಿ ಅಂಕಲ್, ಟೆರೇಸ್ ಮೇಲೆ ಬಿದ್ದಿತ್ತು, ವೇಸ್ಟ್ ಬಟ್ಟೆ ಅನ್ಕೊಂಡೆ. ಮೇಣದಲ್ಲಿ ಅದ್ದಿ ಕಂಚಲ್ಲಿ ಎರಕ ಹೊಯ್ಸಿದ್ದು. ಬಟ್ಟೆ ಸುಟ್ಟೋಯ್ತು."

ತಡೆಯಲಾರದೆ ಕೈ ಚಾಚಿದೆ. "ಮುಟ್ಟಬಾರ್ದು ಸಾರ್" ಎಂದರು ಕಾವಲಿನವರು. ವರ್ಷಗಟ್ಟಲೆ ನನ್ನ ಮೈಮೇಲೇ ಇದ್ದದ್ದನ್ನು ನಾನೇ ಮುಟ್ಟಬಾರದಂತೆ!

ನಳಿನಿಯ ಕಡೆ ತಿರುಗಿ, "ತಪ್ಪಾಯ್ತು ಕಣೇ" ಎಂದೆ. "ಇರ್ಲಿ ಬಿಡಿ" ಎಂದಳು. ಮುಖ ಮಾತ್ರ ಎಷ್ಟೋ ತಿಂಗಳ ಮೇಲೆ ಅರಳಿತ್ತು. ಅದನ್ನು ನೋಡಿ ಸಿಂಚನಾಗೂ ಧೈರ್ಯ ಬಂತು. "ಆಂಟಿ, ಮನೇಲಿ ಇನ್ನೇನಾದ್ರೂ ಹಳೇದು, ಉಪಯೋಗಕ್ಕೆ ಬರದೇ ಇರೋದು ಇದ್ರೆ ಕೊಡ್ತೀರಾ?"

ನಳಿನಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಇದೆ ಕಣಮ್ಮ. ಆದ್ರೆ ಕೊಡಲ್ಲ."

ಆವತ್ತಿನಿಂದ ಹೊಸ ಬನಿಯನ್ನೇ ಹಾಕಿಕೊಳ್ಳುತ್ತಿದ್ದೇನೆ. ಮೈಯೆಲ್ಲ ತುರಿಸುತ್ತದೆ, ಹೇಳಿಕೊಳ್ಳುವಂತಿಲ್ಲ.