ಡೀಸೆಲ್ ಪೈಪಿನಾಗ ಹೊಕ್ಕ ಗಾಳಿ

ಇವತ್ತು ಯಾರ ಮೇಲೂ ಸಿಟ್ಟು ಮಾಡಬಾರದು ಅಂತ ದಿನಾ ಅಂದುಕೊಂಡೇ ಮನೆ ಬಿಡುತ್ತೇನೆ. ಹಳೇ ಡೀಸೆಲ್ ಕಾರು ಇಟ್ಟುಕೊಂಡವನಿಗೆ ಅದು ಓಣಿ ದಾಟುವ ತನಕ ಮಾತ್ರ ಸಾಧ್ಯ.

ನನ್ನದು ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರ. ಗಿರಾಕಿಗಳ ಊರಿಗೆಲ್ಲ ಈ ಕಾರಿನಲ್ಲೇ ತಿರುಗಾಟ. ಹೋದ ವರ್ಷ ಅದಕ್ಕೊಂದು ರೋಗ ಅಂಟಿತು. ಎಲ್ಲಿಂದಲೋ ಡೀಸೆಲ್ ಪೈಪಿನೊಳಗೆ ಗಾಳಿ ಹೊಕ್ಕು ಎಂಜಿನ್ ನಡುದಾರಿಯಲ್ಲಿ ನಿಂತುಬಿಡೋದು. ಬಾನೆಟ್ ಎತ್ತಿ, ಫಿಲ್ಟರಿನ ಹತ್ತಿರದ ರಬ್ಬರ್ ಪಂಪನ್ನು ಕೈಯಿಂದ ಒತ್ತಿ ಒತ್ತಿ ಗಾಳಿ ಹೊರಗೆ ಹಾಕಿದರೆ ಮತ್ತೆ ಚಾಲೂ.

೧. ಕೋಡ್ಲಾ ರಸ್ತೆ

ಸಿಮೆಂಟ್ ಲಾರಿಗಳ ಸಾಲಿನ ನಡುವೆ ನಿಂತಿತು. ಹಿಂದೆ ಹಾರ್ನೋ ಹಾರ್ನು. ಒಬ್ಬ ಲಾರಿ ಡ್ರೈವರ್ ಇಳಿದು ಬಂದ.

"ಏನಾಯ್ತರಿ?"

"ಗಾಳಿ!" ಅಂದೆ, ಹಲ್ಲು ಕಡಿದು.

ನಾನು ಬಾನೆಟ್ಟಿನೊಳಗೆ ತಲೆ ಹಾಕಿದ್ದಾಗ ಪುಣ್ಯಾತ್ಮ ತನ್ನ ಲಾರಿಯಿಂದ ಗಾಳಿ ಪೈಪ್ ಎಳೆದು ತಂದು ನಾಲ್ಕೂ ಟೈರಿಗೆ ತುಂಬಿದ.

"ಗಾಳಿ ಕಮ್ಮಿ ಆಗಿಲ್ಲೋ ತಮ್ಮಾ, ಹೆಚ್ಚಾಗ್ಯಾದ!" ಅಂತ ಕೂಗಾಡಿದೆ.

"ಮೊದ್ಲೇ ಹೇಳಬಾರದೇನ್ರಿ?" ಅಂದವನೇ ಕುಂತು ನಾಲ್ಕೂ ಟೈರಿನ ಗಾಳಿ ಬಿಟ್ಟ.

೨. ವಾಡಿಯ ಮಿಸ್ತ್ರಿ

ವಾಡಿಯ ಗ್ಯಾರೇಜಿನ ಮಿಸ್ತ್ರಿ ಡೀಸೆಲ್ಲಿನ ಕರಿ ಪೈಪ್ ಬಿಚ್ಚಿ, ಒಳಗಿನದು ಕಾಣುವಂಥ ಬಿಳಿ ಪ್ಲಾಸ್ಟಿಕ್ ಪೈಪ್ ಹಾಕಿದ. "ಇದ್ರಾಗ ಗುಳ್ಳಿ ಕಂಡ್ರ ಗಾಳಿ ಹೊಕ್ಕದ ಅಂತ ತಿಳೀರಿ."

ಗುಳ್ಳೆಗಳು ಮೆರವಣಿಗೆ ಹೊರಟವು. ಕ್ಲಿಪ್ ಬದಲಿಸಿದ, ವಾಷರ್ ಬದಲಿಸಿದ, ಚಹಾ ಕುಡಿದ. ಮಧ್ಯಾಹ್ನವಾದರೂ ಗುಳ್ಳೆ ನಿಲ್ಲಲಿಲ್ಲ.

"ಇನ್ನೂ ಬರ್ಲಿಕತ್ತಾವಲ್ಲ! ಏನ್ ಮಾಡ್ಲಿಕತ್ತೀಯಪಾ ನೀನು?" ಅಂತ ಅಬ್ಬರಿಸಿದೆ.

ಅವನು ಬೇಜಾರಿಲ್ಲದೆ ಬಿಳಿ ಪೈಪ್ ಕಿತ್ತು, ಹಳೇ ಕರಿ ಪೈಪನ್ನೇ ಹಾಕಿದ.

"ಈಗ ನೋಡ್ರಿ, ಒಂದಾದ್ರೂ ಗುಳ್ಳಿ ಕಾಣ್ತದೇನು?"

೩. ಸುಲೇಪೇಟದ ಮದುವೆ

ಸೇಡಂನಲ್ಲಿರುವ ನಮ್ಮ ಅಕ್ಕನ ಮಗನ ಮದುವೆ. ಹೆಣ್ಣಿನವರ ಊರು ಸುಲೇಪೇಟ. "ನನ್ನ ಗಾಡಿ ಬ್ಯಾಡವ್ವಾ" ಅಂತ ಎಷ್ಟು ಹೇಳಿದರೂ ಅಕ್ಕ ಕೇಳಲಿಲ್ಲ. "ಸೋದರಮಾವನ ಗಾಡ್ಯಾಗೇ ಹೋಗಬೇಕು" ಅಂತ ಹೂವು ಕಟ್ಟಿಸಿಬಿಟ್ಟಳು.

ಮದುಮಗನನ್ನು ಕೂರಿಸಿಕೊಂಡು ಹೊರಟ ಕಾರು ಸುಲೇಪೇಟ ಕಣ್ಣಿಗೆ ಕಾಣುವಾಗ ನಿಂತಿತು. ಅಕ್ಷತೆಯ ಹೊತ್ತು ಹತ್ತಿರ. "ಎಲ್ಲಿದ್ದೀರಿ?" ಅಂತ ಹೆಣ್ಣಿನವರ ಫೋನ್ ಮೇಲೆ ಫೋನು. ನಾನು ಸ್ಟೇರಿಂಗ್ ಹಿಡಿದು ಕಾರಿಗೆ, ಅಕ್ಕನಿಗೆ, ವಾಡಿಯ ಮಿಸ್ತ್ರಿಗೆ ಒಟ್ಟಿಗೇ ಬೈಯುತ್ತಿದ್ದೆ. ತಡೆಯಲಾರದೆ ಮದುಮಗ ಕೋಟು, ಅಂಗಿ, ಪೇಟಾ ತೆಗೆದಿಟ್ಟು ಬನಿಯನ್ನಿನಲ್ಲಿ ಇಳಿದು ಪಂಪ್ ಒತ್ತಿದ.

"ಮಾವಾ, ಡೀಸೆಲ್ ಕೈಗೇ ಬರ್ಲಿಕತ್ತದ! ಪಂಪೇ ಸೀಳ್ಯಾದ!"

ಗಾಳಿ ಹೊರಗೆ ಹಾಕಲು ವರ್ಷವಿಡೀ ಒತ್ತಿದ ಪಂಪೇ ಗಾಳಿ ಒಳಗೆ ಬಿಡುತ್ತಿತ್ತು! ಎದುರಿನ ಪಂಕ್ಚರ್ ಅಂಗಡಿಯಿಂದ ಹಳೇ ಟ್ಯೂಬಿನ ಪಟ್ಟಿ ತಂದು ಬಿಗಿದು ಕಟ್ಟಿದೆವು. ಎಂಜಿನ್ ಚಾಲೂ ಆಯಿತು. ಮದುಮಗನಿಗೆ ಅಂಗಿ ತೊಡಲೂ ಬಿಡದೆ ಓಡಿಸಿದೆ.

ಮಂಟಪದ ಬಾಗಿಲಲ್ಲಿ ಹೆಣ್ಣಿನ ಅಜ್ಜಿ ಆರತಿ ಹಿಡಿದು ನಿಂತಿದ್ದರು. ಕಣ್ಣು ಸ್ವಲ್ಪ ಮಂಜು. ಕರಿ ಕೈ, ಬನಿಯನ್ನಿನ ಒಬ್ಬ; ಇಸ್ತ್ರಿ ಮಾಡಿದ ಬಿಳಿ ಅಂಗಿಯ ನಾನೊಬ್ಬ. ಸೀದಾ ನನ್ನ ಹಣೆಗೆ ಕುಂಕುಮ ಹಚ್ಚಿದರು.

"ನಾ ಅಲ್ಲ ಅಜ್ಜೀ! ಹುಡುಗ ಅವಾ!" ಅಂತ ಗುಡುಗಿದೆ.

ಅಜ್ಜಿ ಹಿಂದಿದ್ದ ಹೆಣ್ಣುಮಕ್ಕಳ ಕಡೆ ತಿರುಗಿ ಅಂದರು: "ಹುಡುಗ ಸ್ವಲ್ಪ ಸಿಟ್ಟಿನವ ಅಂತ ಹೇಳಿದ್ರು ಖರೆ, ಇಷ್ಟು ಮುದುಕ ಅಂತ ಯಾರೂ ಹೇಳಲಿಲ್ಲಲ್ಲವ್ವಾ!"